ಕಿವಿಗೆ ಎಟುಕದ ಕೈ

ಕುರುಬರ ಮಡ್ಡಿ, ಅಂಚೆ ಅಕ್ಕೋಳ,
ಚಿಕ್ಕೋಡಿ ತಾಲ್ಲೂಕು
9 ಜುಲೈ 1999, ಶುಕ್ರವಾರ

ನನ್ನವರಿಗೆ ನಿಮ್ಮ ಶೇವಂತಾಳ ನಮಸ್ಕಾರಗಳು.

ಹೇಗಿದ್ದೀರಿ? ಹೊಟ್ಟೆ ತುಂಬ ಉಣ್ಣುತ್ತೀರೋ ಇಲ್ಲವೋ? ಥಂಡಿಗೆ ಕಾಲಬೆರಳು ಮರಗಟ್ಟುತ್ತವೆ ಎಂದು ಬರೆದಿದ್ದಿರಿ, ಮಾವ ನೇಯಿಸಿ ಕಳಿಸಿದ ಕಂಬಳಿ ಮುಟ್ಟಿತೇ? ನಿಮ್ಮ ಕೊನೆಯ ಕಾಗದ ಬಂದದ್ದು ಮೇ ಇಪ್ಪತ್ತಾರಕ್ಕೆ. ಇವತ್ತಿಗೆ ನಲವತ್ತನಾಲ್ಕು ದಿನ. ಜೂನ್ ಮೊದಲ ವಾರ ರಜೆಗೆ ಬರುತ್ತೇನೆಂದವರು ರಜೆ ರದ್ದಾಯಿತೆಂದು ಎರಡು ಸಾಲು ಗೀಚಿ ಸುಮ್ಮನಾದಿರಿ. ನಿಮ್ಮ ಪಲ್ಟನ್ನಿನ ವಿಳಾಸದಲ್ಲಿ ಊರಿನ ಹೆಸರೂ ಇಲ್ಲ, ಬರೀ ನಂಬರು. ನಂಬರಿನಲ್ಲಿ ಯಾರಾದರೂ ಇರುತ್ತಾರೆಯೇ? ಅಲ್ಲಿ ಗಿಡಗಳಿವೆಯೇ, ನೀರು ಎಲ್ಲಿಂದ ತರುತ್ತೀರಿ, ಯಾವ ಮಗ್ಗುಲಾಗಿ ಮಲಗುತ್ತೀರಿ, ಒಂದೂ ನನಗೆ ಗೊತ್ತಿಲ್ಲ. ಟಪಾಲಿನ ಕಾಮಣ್ಣ ಈಗ ನಮ್ಮ ಅಂಗಳದ ತನಕ ಬರುವುದೇ ಇಲ್ಲ, ದೂರದಿಂದಲೇ ಕೈಯಾಡಿಸಿ ಇಲ್ಲ ಅನ್ನುತ್ತಾನೆ. ಮೊನ್ನೆ ಅವನಿಗೆ ಬೈದುಬಿಟ್ಟೆ. ಪಾಪ, ಅವನಾದರೂ ಎಲ್ಲಿಂದ ತಂದಾನು. ನಾವು ಇಲ್ಲಿ ಆರಾಮ. ಮಾವ ಕುರಿ ಹೊಡೆದುಕೊಂಡು ಅಥಣಿ ಕಡೆ ಹೋಗಿದ್ದಾರೆ. ನಿಮ್ಮ ಕರೀ ಟಗರು ಹಾಯುವುದನ್ನು ಬಿಟ್ಟಿಲ್ಲ.

ಈಗ ಊರಿನ ಸುದ್ದಿ ಕೇಳಿ, ನಗು ಬರುತ್ತದೆ. ಬಾಳಾಸಾಬನ ಚಹಾದಂಗಡಿಯ ಟೀವಿಯ ಮುಂದೆ ಈಗ ದಿನವೂ ಜಾತ್ರೆ. ಹೋದ ತಿಂಗಳು ಅಲ್ಲಿಂದಲೇ ಒಂದು ಗಾಳಿಸುದ್ದಿ ಎದ್ದಿತು. ಯುದ್ಧ ಹೀಗೇ ನಡೆದರೆ ಸರ್ಕಾರ ಹುಡುಗರನ್ನು ಕಡ್ಡಾಯವಾಗಿ ಪಲ್ಟನ್ನಿಗೆ ಎಳೆದುಕೊಳ್ಳುತ್ತದಂತೆ, ಚೀಟಿ ಎತ್ತುತ್ತಾರಂತೆ. ಹೆಂಗಸರೆಲ್ಲ ಅಣ್ಣಾಸಾಬ ಮಾಸ್ತರರ ಮನೆಗೆ ಓಡಿದೆವು. ನನಗೇನು, ನನ್ನವರು ಆಗಲೇ ಹೋಗಿದ್ದಾರೆ, ಆದರೂ ಓಡಿದೆ. ಮಾಸ್ತರರು, “ನಮ್ಮ ದೇಶದಾಗ ಹಂತಾ ಕಾಯ್ದೆ ಇಲ್ರೆವ್ವಾ, ಆರಾಮ ಮನೀಗೆ ಹೋಗ್ರಿ” ಎಂದು ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಅವರ ಬಾಯಿ ನಿಮಗೆ ಗೊತ್ತಲ್ಲ. ಹಿಂದೆ ಅಮೇರಿಕಾದಲ್ಲಿ ಹೇಗೆ ಮಾಡಿದ್ದರು ಎಂದು ಪಾಠ ಶುರುಮಾಡಿದರು. ವರ್ಷದ ಒಂದೊಂದು ತಾರೀಖನ್ನೂ ಒಂದೊಂದು ಚೀಟಿಯಲ್ಲಿ ಬರೆದು, ಸಣ್ಣ ಡಬ್ಬಿಗಳಲ್ಲಿ ಹಾಕಿ, ಅಷ್ಟನ್ನೂ ಒಂದು ಗಾಜಿನ ಭರಣಿಯಲ್ಲಿ ತುಂಬಿ ಒಂದೊಂದಾಗಿ ಎತ್ತಿದರಂತೆ. ಮೊದಲು ಬಂದ ತಾರೀಖಿಗೆ ಹುಟ್ಟಿದ ಹುಡುಗರೆಲ್ಲ ಮೊದಲು ಹೊರಡಬೇಕು. ಆಮೇಲೆ ಎರಡನೆಯ ತಾರೀಖಿನವರು. ಬೇಕಾದಷ್ಟು ಮಂದಿ ಸಿಕ್ಕರೆ ಅಲ್ಲಿಗೆ ನಿಂತಿತು. ಕೊನೆಗೆ ಬಂದ ತಾರೀಖಿನವರು ಮನೆಯಲ್ಲೇ ಉಳಿದರು. ಬಡವ ಬಲ್ಲಿದ ಎಂಬ ಭೇದ ಬರಬಾರದೆಂದು ಹಾಗೆ ಮಾಡಿದರಂತೆ.

ಎಲ್ಲರೂ ಬಾಯಿ ತೆರೆದು ಕೇಳುತ್ತಿದ್ದೆವು. ಕೆಂಪವ್ವ ಒಮ್ಮೆಲೇ ಎದೆ ಬಡಿದುಕೊಂಡು, “ಅಯ್ಯ ಮಾಸ್ತರ, ಒಂದ ಚೀಟಿಗೆ ನನ್ನ ಮೂರೂ ಮಕ್ಕಳು ಹೋಗ್ತಾರಲ್ರಿ!” ಅಂದಳು. ಮೂವರದೂ ಹುಟ್ಟಿದ ತಾರೀಖು ಶಾಲೆಯಲ್ಲಿ ಜೂನ್ ಒಂದು. ಮೂವರದೇನು, ಮಡ್ಡಿಯ ಹುಡುಗರೆಲ್ಲರದೂ ಜೂನ್ ಒಂದೇ, ಬರೆದವರೂ ಈ ಮಾಸ್ತರರೇ! ಹೆಂಗಸರು ಮುತ್ತಿಕೊಂಡಾಗ ಮುದಿ ಮಾಸ್ತರರು ಅಳುಮೋರೆ ಮಾಡಿದರು. “ನಾ ಏನ ಮಾಡ್ಲಿ ಬೇ ಯವ್ವಾ, ಒಬ್ಬಾಕಿ ಮಳ್ಯಾಗ ಹುಟ್ಟ್ಯಾನ ಅಂತಿದ್ರಿ, ಒಬ್ಬಾಕಿ ಹಬ್ಬದಾಗ ಅಂತಿದ್ರಿ, ನಾ ತಾರೀಖ ಎಲ್ಲಿಂದ ತರ್ಲಿ? ಕೈ ತಲಿ ಮ್ಯಾಲಿಂದ ಹಾಯ್ಸಿ ಆಚಿ ಕಡೆ ಕಿವಿ ಮುಟ್ಟಿದ್ರ ಆರು ವರ್ಷ ತುಂಬಿದ್ವು ಅಂತ ಜೂನ್ ಒಂದು ಬರೀತಿದ್ದೆ. ಮುಟ್ಟದಿದ್ರ ಬರೂ ವರ್ಷ ಬಾ ಅಂತಿದ್ದೆ.” ನನಗೆ ನಿಮ್ಮ ಹೋದ ವರ್ಷದ ಕಾಗದ ನೆನಪಾಗಿ ಅಲ್ಲೇ ನಗು ಉಕ್ಕಿತು. ಜೂನ್ ಒಂದಕ್ಕೆ ನಿಮ್ಮ ಪಲ್ಟನ್ನಿನಲ್ಲಿ ನಮ್ಮ ಕಡೆಯ ಹನ್ನೊಂದು ಮಂದಿ ಒಟ್ಟಿಗೇ ಹುಟ್ಟುಹಬ್ಬದ ಶಿರಾ ತಿನ್ನಲು ನಿಂತಿದ್ದಿರಂತೆ. ಸುಬೇದಾರರು, “ತುಮ್ಹೀ ಸಗಳೇ ಏಕಾಚ್ ಆಯೀಚೇ ಕಾಯ ರೇ?” ಎಂದು ಕೇಳಿದ್ದರಂತೆ. ಎಲ್ಲರೂ ಒಬ್ಬಳೇ ತಾಯಿ ಹೆತ್ತ ಮಕ್ಕಳೇ! ಕೆಳಗೆ ನೀವು ಬರೆದಿದ್ದಿರಿ, “ನನ್ನದೇ ಅನ್ನುವ ದಿನ ಒಂದಿದ್ದರೆ ಒಬ್ಬನೇ ನಿಂತು ತಿನ್ನುತ್ತಿದ್ದೆ.” ಆ ಸಾಲು ಓದಿ ನಾನು ಎಷ್ಟು ಅತ್ತಿದ್ದೆ ಎಂದು ನಿಮಗೆ ಹೇಳಿರಲಿಲ್ಲ.

ರಜೆಗಂತೂ ನೀವು ಬರಲಿಲ್ಲ, ನಿಮ್ಮ ದಿನವನ್ನಾದರೂ ಹುಡುಕಿ ಕಳಿಸೋಣ ಎನಿಸಿತು. ಅತ್ತೆಯನ್ನು ಕಾಡಿದೆ. ಮೊದಲು, “ಹೋದಾಂವ ಹೋದ, ಈಗ್ಯಾಕ ಅವನ ತಾರೀಖ” ಎಂದು ಮುಖ ತಿರುವಿದರು. ಆಮೇಲೆ ತಾವೇ ಶುರುಮಾಡಿದರು. ಕುರಿ ಆ ವರ್ಷ ಶೇಡಬಾಳದಲ್ಲಿ ನೇಮಿನಾಥ ಅಣ್ಣಾರ ಹೊಲದಲ್ಲಿ ನಿಂತಿತ್ತಂತೆ, ನೀವು ಹುಟ್ಟಿದ್ದು ಅಲ್ಲೇ ಹೊಲದ ಗುಡಿಸಲಿನಲ್ಲಂತೆ. ಅಣ್ಣಾರ ತಾಯಿ ಜೈನರ ಪರ್ಯೂಷಣ ಹಬ್ಬದ ಉಪವಾಸದಲ್ಲಿದ್ದರೂ ಬಿಸಿನೀರು ಕಾಸಿಕೊಂಡು ಓಡಿ ಬಂದಿದ್ದರಂತೆ. ಅಷ್ಟು ಸಿಕ್ಕಿದರೆ ಸಾಕಲ್ಲ! ಮಂಗಳವಾರ ಅತ್ತೆಯನ್ನು ಕರೆದುಕೊಂಡು ಬಸ್ಸು ಹತ್ತಿಯೇಬಿಟ್ಟೆ. ತಾಯಿ ತೀರಿಕೊಂಡು ಬಹಳ ವರ್ಷವಾಗಿದೆ, ಆದರೆ ನೇಮಿನಾಥ ಅಣ್ಣಾರು ಅತ್ತೆಯನ್ನು ನೋಡಿದ ಕೂಡಲೇ, “ತುಳಸವ್ವಾ, ಬಾ ಬಾ” ಎಂದು ಜಗುಲಿಯ ಮೇಲೆ ಕೂರಿಸಿದರು. ಅವರಿಗೆ ಮಳೆ ಬಂದದ್ದು ಹೋದದ್ದು ಬರೆದಿಡುವ ಚಟ. ಟ್ರಂಕಿನ ತುಂಬ ವಹಿಗಳು. ಒಂದು ತಾಸು ಹುಡುಕಿ ಒಂದು ಪುಟ ತೆರೆದರು. ನಾನೇ ಓದಿದೆ, ಹಾಗೆಯೇ ಇಳಿಸಿಕೊಂಡು ಬಂದಿದ್ದೇನೆ: “11 ಸಪ್ಟೆಂಬರ್ 1978, ಸೋಮವಾರ. ಬೆಳಿಗ್ಗೆ ಜಿಟಿಜಿಟಿ, ಮಧ್ಯಾಹ್ನ ಬಿಸಿಲು. ಕುರಿ ನಿಂತ ಹೊಲದಲ್ಲಿ ತುಳಸವ್ವನಿಗೆ ಗಂಡುಕೂಸು. ಇಬ್ಬರೂ ಆರಾಮ.”

ತಗೊಳ್ಳಿ, ನಿಮ್ಮ ದಿನ. ಇನ್ನು ಮೇಲೆ ಸಪ್ಟೆಂಬರ್ ಹನ್ನೊಂದಕ್ಕೆ ಒಬ್ಬರೇ ನಿಂತು ಶಿರಾ ತಿನ್ನಿ. ವರ್ಷವನ್ನೂ ನೋಡಿದಿರಾ? ಶಾಲೆಯಲ್ಲಿ ಎಪ್ಪತ್ತೇಳು ಎಂದು ಬರೆಸಿದ್ದಾರೆ. ನಾನು ಹುಟ್ಟಿದ್ದು ಎಪ್ಪತ್ತೆಂಟರ ಯುಗಾದಿಯ ಮರುದಿನ. ಅಂದರೆ ನಿಮಗಿಂತ ಐದು ತಿಂಗಳು ದೊಡ್ಡವಳು! ಬರುವಾಗ ನನಗೆ ರೀ ಹಚ್ಚಿ ಮಾತಾಡುವುದನ್ನು ರೂಢಿ ಮಾಡಿಕೊಂಡು ಬನ್ನಿ. ಹೇಗೆ ಮಾತಾಡಿದರೂ ನಡೆದೀತು, ಬಂದುಬಿಡಿ. ಬಸ್ಸಿನಲ್ಲಿ ಇದನ್ನೇ ಹೇಳಿ ಅತ್ತೆಯನ್ನು ನಗಿಸಲು ನೋಡಿದೆ. ಅವರು ಕಿಟಕಿಗೆ ತಲೆ ಕೊಟ್ಟು ಕೂತಿದ್ದರು. ದಣಿದಿದ್ದಾರೆ ಎಂದುಕೊಂಡೆ.

ಯಡೂರಿನ ವೀರಭದ್ರ ನಿಮ್ಮ ಬೆನ್ನಿಗಿರಲಿ. ಕೆಂಪವ್ವ, ಮಾಸ್ತರರು, ಬಾಳಾಸಾಬ ಎಲ್ಲರೂ ನಿಮ್ಮನ್ನು ಕೇಳಿದ್ದಾರೆ. ಜೂನ್ ಒಂದರ ಉಳಿದ ಹತ್ತು ಮಂದಿಗೂ ನನ್ನ ನಮಸ್ಕಾರ ಹೇಳಿ.

ದಾರಿ ಕಾಯುತ್ತಿರುವ,
ಶೇವಂತಾ

ತಾ.ಕ.: ಲಕೋಟೆ ಅಂಟಿಸುವಾಗ ಅತ್ತೆ ಬಂದು ಕೈ ಹಿಡಿದರು. ಕಾಮಣ್ಣ ಚೀಲ ಹೊತ್ತು ಕಟ್ಟೆಯ ಮೇಲೆ ಕಾದಿದ್ದಾನೆ, ಬೇಗ ಬರೆಯುತ್ತೇನೆ. ಮಂಗಳವಾರದಿಂದ ಅವರು ಸರಿಯಾಗಿ ಉಂಡಿಲ್ಲ, ಯಾಕೆಂದು ಈಗ ಹೇಳಿದರು. ನಿಮ್ಮನ್ನು ಶಾಲೆಗೆ ಹಾಕಿದಾಗ ನಿಮಗೆ ಐದೂ ತುಂಬಿರಲಿಲ್ಲ. “ಕಿವಿ ಮುಟ್ಟಲಿಲ್ಲ ಶೇವಂತಾ, ಎರಡ ಬೆರಳ ಕಮ್ಮಿ ಬಿತ್ತು. ಕುರಿ ಹಿಂದ ನಡಿಯಾಕ ಸಣ್ಣಾಂವ, ಹೊತಗೊಂಡ ತಿರಗಾಕ ದೊಡ್ಡಾಂವ. ಸಾಲ್ಯಾಗ ಬಿಟ್ರ ನಮ್ಮತ್ತಿ ನೋಡ್ಕೊಳ್ಳತಾಳ ಅಂತ, ಮಾಸ್ತರ ಆಕಡೆ ನೋಡೂದ್ರಾಗ ತಲಿ ಬಗ್ಗಿಸಿ ನಾನ ಮುಟ್ಟಿಸಿದೆ.” ಆ ಲೆಕ್ಕದಲ್ಲಿ ನೀವು ಪಲ್ಟನ್ನಿನ ಭರತಿಗೆ ಹೋದಾಗ ಹದಿನಾರೂವರೆಯೂ ಆಗಿರಲಿಲ್ಲ, ಖರೇ ವಯಸ್ಸು ಹೇಳಿದ್ದರೆ ತಿರುಗಿ ಕಳಿಸುತ್ತಿದ್ದರು. “ಚೀಟಿ ಯಾವ ಸರಕಾರನೂ ಎತ್ತಲಿಲ್ಲ, ನಾನ ಎತ್ತಿದೆ” ಎಂದು ಅಳುತ್ತಾರೆ. ನಾನು ಏನು ಹೇಳಿದರೂ ಕೇಳುತ್ತಿಲ್ಲ. ಒಂದೇ ಹಟ: “ಈಗ ಅವನ ಕೈ ಕಿವಿಗೆ ಮುಟ್ಟತೈತೇನ ಕೇಳು.” ನಗಬೇಡಿ. ಈ ಕಾಗದ ಓದಿದ ಕೂಡಲೇ ಕೈ ತಲೆಯ ಮೇಲಿಂದ ಹಾಯಿಸಿ ನೋಡಿ, ಮುಟ್ಟುತ್ತದೆ ಅವ್ವಾ ಎಂದು ಒಂದು ಸಾಲು ಬರೆಯಿರಿ. ಅಷ್ಟು ಸಾಕು. ಆದರೆ ಬೇರೆ ಯಾರಿಂದಲೂ ಬರೆಸಬೇಡಿ. ನಿಮ್ಮ ಕೈಯಾರೆ ಬರೆದದ್ದೇ ಬರಬೇಕು.