ಬೆಳಗಾವಿಯಿಂದ ಮುಂಬಯಿಗೆ ಒಂದೂವರೆ ತಾಸು

ಮಾನ್ಯ ಶಾಲಾ ಇನ್ಸ್‌ಪೆಕ್ಟರ್ ಸಾಹೇಬರೇ,

ಮಿರ್ಜಾನದ ನಮ್ಮ ಶಾಲೆಯ ನಾಲ್ಕನೆಯ ಇಯತ್ತೆಯ ಕಮಲಿಗೆ ಕಳೆದ ಸೋಮವಾರದ ವಾರ್ಷಿಕ ಪರೀಕ್ಷೆಯಲ್ಲಿ ತಾವು ಕೊಟ್ಟ ಸೊನ್ನೆಯನ್ನು ಹಿಂದಕ್ಕೆ ಪಡೆಯಬೇಕು. ಮೊದಲೇ ಹೇಳಿಬಿಟ್ಟೆ, ಇನ್ನು ನೆಮ್ಮದಿಯಿಂದ ವಾದಿಸುತ್ತೇನೆ.

ಹಲಗೆಯ ಮೇಲೆ ನಾನು ಬರೆದಿದ್ದ ಲೆಕ್ಕ ಇಷ್ಟೇ: ಬೆಳಗಾವಿಯ ವಿಮಾನ ನಿಲ್ದಾಣದಿಂದ ಮುಂಬಯಿಯ ನಿಲ್ದಾಣಕ್ಕೆ ಆಕಾಶಮಾರ್ಗವಾಗಿ ಇನ್ನೂರ ನಲವತ್ತು ಮೈಲಿ, ವಿಮಾನ ತಾಸಿಗೆ ನೂರ ಅರವತ್ತು ಮೈಲಿ ಹಾರಿದರೆ ಎಷ್ಟು ಹೊತ್ತು ಬೇಕು? ಕಮಲಿ ಎದ್ದು ನಿಂತು "ಒಂದೂವರೆ ತಾಸು" ಎಂದಳು. ತಾವು ನಕ್ಕಿರಿ. "ಕುಮಟೆಯಿಂದ ಇಲ್ಲಿಗೆ ಬರಲಿಕ್ಕೇ ನನ್ನ ಗಾಡಿಗೆ ಮೂರು ತಾಸು ಹಿಡಿಯಿತು! ಈ ಊರಲ್ಲಿ ಯಾರೂ ಕಾಣದ್ದನ್ನು ಕಲಿಸಬೇಡಿ ಮಾಸ್ತರರೇ" ಎಂದು ಹಲಗೆ ಒರೆಸಿದಿರಿ. ತಮ್ಮ ಎತ್ತುಗಳು ನಿಧಾನವಾದರೆ ಭಾಗಾಕಾರ ಸುಳ್ಳಾಗುತ್ತದೆಯೇ, ಸಾಹೇಬರೇ? ತಾವು ಕಾಣದ್ದನ್ನು ಊರೂ ಕಂಡಿರಬಾರದೆಂದು ಯಾವ ಕಾಯದೆಯಲ್ಲಿದೆ?

ಕಂಡವರಿದ್ದಾರೆ. ಕಮಲಿಯ ಅಜ್ಜಿ ಮಾಸ್ತಮ್ಮ, ಮೀನು ಮಾರುವವರು. ಹೋದ ವರ್ಷ, ೧೯೪೮ರ ಭಾದ್ರಪದದಲ್ಲಿ, ಮುಂಬಯಿಯಲ್ಲಿರುವ ಮಗಳು ಗಂಗೆಗೆ ಹೆರಿಗೆ ಕಷ್ಟವಾಗಬಹುದೆಂದು ತಂತಿ ಬಂತು. ಮುಂಬಯಿಗೆ ಹೋಗುವ ಉಗಿಹಡಗು, ಆಗಬೋಟು, ಮಳೆಗಾಲಕ್ಕೆ ನಿಂತಿತ್ತು. ಅಲ್ಲಿಯ ವಿಮಾನ ನಿಲ್ದಾಣದಲ್ಲಿ ಮಿಸ್ತ್ರಿಯಾಗಿರುವ ಅಳಿಯ ಮೇಲಿನವರ ಕಾಲು ಹಿಡಿದು ಬೆಳಗಾವಿಯಿಂದ ಒಂದು ಸೀಟು ಮಾಡಿಸಿದ. ಮಾಸ್ತಮ್ಮ ಬಸ್ಸಿನಲ್ಲಿ ಹುಬ್ಬಳ್ಳಿಗೆ, ರೈಲಿನಲ್ಲಿ ಬೆಳಗಾವಿಗೆ ಹೋಗಿ ಮುಟ್ಟುವಷ್ಟರಲ್ಲಿ ಎರಡು ದಿನ ಕಳೆದಿತ್ತು. ಮುಂದಿನದನ್ನು ಅವರ ಬಾಯಲ್ಲೇ ಕೇಳಿ:

"ಹತ್ತೂಕೆ ಹೆದ್ರಿಕೆ ಆತು. ಕಣ್ಣು ಮುಚ್ಕಂಡು ಕೂತೆ. ತೆಗೆದು ನೋಡ್ರೆ ಮೋಡ ಎಲ್ಲ ಕೆಳಗೆ! ನಗು ತಡೀಲಿಲ್ಲ ಮಾಸ್ತರ್ರೆ, ಒಬ್ಳೇ ನಕ್ಕೆ. ನನ್ನ ನೋಡಿ ಪಕ್ಕದ ಸೇಟೂ ನಗೂಕೆ ಶುರು ಮಾಡ್ದ. ಎರಡು ಸಲ ಎಲೆ ಅಡಿಕೆ ಹಾಕೂದ್ರೊಳಗೆ ಮುಂಬೈ ಬಂತು!"

ಮಧ್ಯಾಹ್ನದೊಳಗೆ ಅವರು ಮಗಳ ಮಂಚದ ಪಕ್ಕದಲ್ಲಿದ್ದರು. ತಾಯಿಯ ಕೈ ಗಟ್ಟಿಯಾಗಿ ಹಿಡಿದುಕೊಂಡು ಗಂಗೆ ಸಂಜೆಗೆ ಹೆತ್ತಳು. ಬಾಣಂತಿ, ಮಗು ಇಬ್ಬರೂ ಕ್ಷೇಮ.

ಈ ಕತೆ ಕೇಳಿದ್ದೇ ನಮ್ಮ ಶಾಲೆಗೆ ಹುಚ್ಚು ಹಿಡಿಯಿತು. ಭಾಗಾಕಾರವೆಂದರೆ ಹೊಟ್ಟೆನೋವು ಬರುತ್ತಿದ್ದ ಮಕ್ಕಳು ಈಗ ಊಟದ ಬಿಡುವಿನಲ್ಲೂ ಹಾರುತ್ತಾರೆ: ಹೊನ್ನಾವರಕ್ಕೆ ಆರೇ ನಿಮಿಷ, ಭಟ್ಕಳಕ್ಕೆ ಕಾಲು ತಾಸೂ ಬೇಡ!

ಆದರೆ ತಮ್ಮ ಸೊನ್ನೆಯಿಂದ ಕಮಲಿ ನಪಾಸಾದಳು. "ನಪಾಸಾದ್ರೆ ಶಾಲೆ ಸಾಕು, ಮೀನು ಒಣಗ್ಸೂಕೆ ಬರ್ಲಿ" ಎಂದು ಅವಳ ಅಪ್ಪ ಪಾಂಡು ನಿನ್ನೆ ಹೆಸರು ತೆಗೆಸಲು ಬಂದ. ಕಮಲಿ ಬಾಗಿಲಲ್ಲಿ ಅಳುತ್ತ ನಿಂತಿದ್ದಳು. ನಾನು ಅದೇ ಲೆಕ್ಕವನ್ನು ಮತ್ತೆ ಹಲಗೆಯ ಮೇಲೆ ಬರೆದು ಅವನಿಗೆ ಓದಿ ಹೇಳಿದೆ. ಎರಡನೆಯ ಇಯತ್ತೆಗೇ ಶಾಲೆ ಬಿಟ್ಟವನು ಪಾಂಡು. ಮಕ್ಕಳು ಎಣಿಸಲು ಇಟ್ಟುಕೊಂಡಿದ್ದ ಹುಣಸೆ ಬೀಜ ಕೇಳಿ ತೆಗೆದುಕೊಂಡು, ಹತ್ತು ಮೈಲಿಗೊಂದರಂತೆ ಇಪ್ಪತ್ನಾಲ್ಕು ಬೀಜ ಇಟ್ಟ. "ಹದಿನಾರು ಬೀಜಕ್ಕೆ ಒಂದು ತಾಸು. ಉಳದದ್ದು ಎಂಟು. ಅರ್ಧ..." ಎನ್ನುತ್ತ ತಟ್ಟನೆ ತಲೆಯೆತ್ತಿದ. "ಹೆಣ್ಣು ಸರೀನೇ ಹೇಳಿತ್ತಲ್ರಾ! ಹಾಂಗಾರೆ ನಪಾಸಾದ್ದು ಸಾಹೇಬ್ರು!"

ಕಮಲಿ ಅಳು ಮರೆತು ನಕ್ಕಳು. ಅವಳ ಹೆಸರು ಪಟ್ಟಿಯಲ್ಲೇ ಉಳಿದಿದೆ.

ಆದ್ದರಿಂದ ಅವಳ ಅಂಕಗಳನ್ನು ಎಂಟು ದಿನದೊಳಗೆ ಕೊಡಬೇಕು. ಮುಂದಿನ ತಪಾಸಣೆಗೆ ಬಂದಾಗ ಈ ಲೆಕ್ಕವನ್ನು ತಾವೇ ಮಕ್ಕಳೆದುರು ಮಾಡಿ ತೋರಿಸಬೇಕು. ಎಡವಿದರೆ ಗಾಬರಿ ಬೇಡ, ಕಮಲಿ ಹೇಳಿಕೊಡುತ್ತಾಳೆ.

ಇಂತಿ,
ವರ್ಗಾವಣೆಯ ಹುಕುಮು ಬಂದೀತೆಂದು ಈಗಲೇ ಗಂಟು ಕಟ್ಟಿಟ್ಟಿರುವ
ಅಣ್ಣಪ್ಪ ಮಾಸ್ತರ, ಮಿರ್ಜಾನ