ಮಲ್ಲಾಜಮ್ಮನ ಕೆಮ್ಮು

ಆರ್ಕೆಸ್ಟ್ರಾ ಯತೀಶ್ ಅವರಿಗೆ, ಹುಣಸೂರಿನಿಂದ ನಂಜುಂಡಸ್ವಾಮಿ ಬರೆಯುವುದು.

ಪಿರಿಯಾಪಟ್ಟಣದ ಮದುವೆಯಲ್ಲಿ ನಿಮ್ಮ ತಂಡದ ಹಾಡು ಕೇಳಿದೆ. ನಮ್ಮ ಹಳೇ ಆರ್ಕೆಸ್ಟ್ರಾದಂತೆಯೇ ಇದೆ. ಕಾಲೇಜಿನ ಇಂಗ್ಲಿಷಿನಲ್ಲಿ ಇದಕ್ಕೆ ಟ್ರೂ ಕಾಪಿ ಎನ್ನುತ್ತಿದ್ದರೇನೋ, ಮರೆತಿದೆ. ನಮ್ಮಲ್ಲಿ ಹಾಡುತ್ತಿದ್ದ, ತೀರಿಹೋದ ನನ್ನ ಹೆಂಡತಿ ಮಲ್ಲಾಜಮ್ಮನ ಕ್ಯಾಸೆಟ್ ಕೇಳಿ ಕಲಿತ ನಿಮ್ಮ ಕಾವ್ಯಶ್ರೀ, ಎರಡನೇ ಚರಣದ ಕೆಮ್ಮನ್ನೂ ಕಲಿತಿದ್ದಾಳೆ. ಜನ ಶಿಳ್ಳೆ ಹೊಡೆದು, "ಇನ್ನೊಂದ್ಸಲ ಕೆಮ್ಮವ್ವಾ!" ಎಂದರು. ಮಲ್ಲಾಜಮ್ಮನ ಒಡಹುಟ್ಟಿದ ತಮ್ಮ ಧರ್ಮೇಂದ್ರನೇ, "ಅಕ್ಕನ್ ಕೆಮ್ಮೇ ಕಣಾ ಬಾವ, ಒರಿಜಿನಲ್!" ಎಂದು ನನ್ನ ತೊಡೆ ತಟ್ಟಿದ.

ಹಾಡಿಕೊಳ್ಳಿ, ನೋ ಅಬ್ಜೆಕ್ಷನ್. ಕೆಮ್ಮು ಮಾತ್ರ ಬಿಡಿಸಿ. ಪಬ್ಲಿಕ್ ಒಪ್ಪುವುದಿಲ್ಲ ಎಂದರೆ ಪೂರ್ತಿ ಕಲಿಸಿ. ಕೆಮ್ಮಿದ ಮೇಲೆ ಮಲ್ಲಾಜಮ್ಮ ಜನರಿಗೆ ಬೆನ್ನು ಮಾಡಿ, ಸೆರಗಿನಲ್ಲಿ ರಕ್ತ ಒರೆಸಿಕೊಳ್ಳುತ್ತಿದ್ದಳು. ಕ್ಯಾಸೆಟ್ಟಿನಲ್ಲಿ ಅದು ಕೇಳಿಸುವುದಿಲ್ಲ.

ಯುವರ್ಸ್ ಒಬೀಡಿಯಂಟ್ಲಿ,
ನಂಜುಂಡಸ್ವಾಮಿ