ಮಾದಮ್ಮ ಬಿಚ್ಚಿದ ಚಪ್ಪಲಿ

14 ಡಿಸೆಂಬರ್ 2025, ಭಾನುವಾರ. ಹಾನುಬಾಳು.

ಮಾದಮ್ಮನವರ ಮೇಲೆ ಮಕ್ಕಳೆದುರು ರೇಗಬಾರದಿತ್ತು. ಶಾಲೆಯ ಮಕ್ಕಳಿಗೆ ವಿಧಾನಸೌಧ ತೋರಿಸಲು ಹೊರಟಾಗ, ನಮ್ಮ ಬಿಸಿಯೂಟದ ಅಡುಗೆಯವರಾದ ಅವರನ್ನೂ ಕರೆದುಕೊಂಡಿದ್ದೆ. ಒಳಗಿನ ಹೊಳೆಯುವ ನೆಲ ಕಂಡದ್ದೇ ತಡ, ಚಪ್ಪಲಿ ಬಿಚ್ಚಿ ಚೀಲಕ್ಕೆ ತುರುಕಿಕೊಂಡುಬಿಟ್ಟರು.

“ಇದೇನು ದೇವಸ್ಥಾನವಾ ಮಾದಮ್ಮಾ? ಹಾಕ್ಕೊಳ್ಳಿ, ಎಲ್ರೂ ನೋಡ್ತಿದ್ದಾರೆ.”

“ಕಾಫಿ ಒಣಗಾಕೋ ಕಣಕ್ಕೇ ನಾವು ಚಪ್ಪಲಿ ಮೆಟ್ಕೊಂಡು ಇಳಿಯಲ್ಲ ಟೀಚರೇ. ಇದನ್ನ ಯಾರೋ ಕೂತು ಉಜ್ಜವ್ರೆ ಕಣ್ರೀ.”

ಆಮೇಲೆ ಕಂಬದಲ್ಲಿ ಕೆತ್ತಿದ ಕಮಲದ ಎಸಳುಗಳನ್ನು ಒಂದೊಂದಾಗಿ ಮುಟ್ಟಿದರು. “ಹಿಂದುಗಡೆದೂ ಬಿಟ್ಟಿಲ್ಲ ನೋಡಿ. ಯಾರಿಗೂ ಕಾಣದ್ನೂ ಕೆತ್ತವ್ನೆ.”

ಅಲ್ಲಿಯವರೆಗೂ ನಾನು ಮಕ್ಕಳಿಗೆ ಎತ್ತರ, ಇಸವಿ ಬರೆಸುತ್ತಿದ್ದೆ. ಕೆತ್ತಿದವನೊಬ್ಬ ಇದ್ದ ಎಂಬುದೇ ಹೊಳೆದಿರಲಿಲ್ಲ. ನಾನೂ ಚಪ್ಪಲಿ ಬಿಚ್ಚಿದೆ. ಮಕ್ಕಳೂ ಬಿಚ್ಚಿದರು. ಆ ಕಲ್ಲಿನ ತಂಪು ಇನ್ನೂ ಅಂಗಾಲಲ್ಲಿದೆ. ಇವತ್ತು ಅವರು ಜೊತೆಗಿದ್ದದ್ದು ನನ್ನ ಪುಣ್ಯ.

ನಮ್ಮ ಶಾಲೆಯ ಜಗಲಿಯನ್ನು ದಿನಾ ಬೆಳಿಗ್ಗೆ ಒರೆಸುವವರೂ ಅವರೇ. ಆರು ವರ್ಷದಿಂದ ಅದು ಆರುವ ಮೊದಲೇ ನಾನು ಚಪ್ಪಲಿ ಮೆಟ್ಟಿಕೊಂಡು ಓಡಾಡಿದ್ದೇನೆ. ಒಂದು ದಿನವಾದರೂ ಅವರು ನನಗೆ ಚಪ್ಪಲಿ ಬಿಚ್ಚಿ ಬನ್ನಿ ಎಂದವರಲ್ಲ.